ಮುರಿದ ಎಸಿ ವೆಂಟ್‌ಗೆ ಇಡೀ ಡಬ್ಬ ಬದಲಿಸಬೇಕಾಗಿಲ್ಲ: ಮನೆಯಲ್ಲೇ ರಿಪೇರಿ ಮಾಡುವ ಪೂರ್ತಿ ವಿಧಾನ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಬರುವ ಕಿಂಡಿ ಇರುತ್ತದಲ್ಲ, ಎಸಿ ವೆಂಟ್, ಅದರ ಒಂದು ಪಟ್ಟಿ ಮುರಿದು ಜೋತುಬಿದ್ದರೆ ಸುಮಾರು ಜನ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಬಯಲುಸೀಮೆಯಲ್ಲಿ ಓಡಿಸುವವರಿಗೆ ಅದು ನಡೆಯಬಹುದು. ನಮ್ಮ ಮಲೆನಾಡಿನ ಕಡೆ ನಡೆಯುವುದಿಲ್ಲ.

ಜುಲೈನಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದವರಿಗೆ ಇದು ಗೊತ್ತು. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗ, 14 ಹೇರ್‌ಪಿನ್ ತಿರುವು, ಸಾಲದ್ದಕ್ಕೆ ಮಂಜು. ಒಳಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕೂತಿದ್ದರೆ ಐದೇ ನಿಮಿಷಕ್ಕೆ ಗಾಜಿಗೆಲ್ಲ ಆವಿ ಕಟ್ಟುತ್ತದೆ. ಮುಂದಿನ ಗಾಜಿಗೆ ಆವಿ ಓಡಿಸುವ ಡಿಫಾಗರ್ ಇದೆ, ಸರಿ. ಆದರೆ ಬದಿಯ ಗಾಜು ತಿಳಿಯಾಗಿ ಅದರಾಚೆಯ ಕನ್ನಡಿ ಕಾಣಬೇಕಾದರೆ ಡ್ಯಾಶ್‌ಬೋರ್ಡಿನ ತುದಿಯ ವೆಂಟಿನ ಗಾಳಿಯನ್ನು ಆ ಕಡೆಗೆ ತಿರುಗಿಸಬೇಕು. ಪಟ್ಟಿ ಮುರಿದಿದ್ದರೆ ಗಾಳಿ ನಿಮ್ಮ ಮೊಣಕಾಲಿಗೆ ಹೊಡೆಯುತ್ತದೆ, ಗಾಜು ಹಾಗೇ ಮಸುಕಾಗಿರುತ್ತದೆ, ಹಿಂದಿನಿಂದ ಬರುವ ಬಸ್ಸು ಕಾಣುವುದೇ ಇಲ್ಲ.

ನನ್ನ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಡ್ರೈವರ್ ಕಡೆಯ ವೆಂಟ್ ಹೀಗಾದಾಗ ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಪಟ್ಟಿ ಒಂದೇ ಸಿಗುವುದಿಲ್ಲ, ಪೂರ್ತಿ ಅಸೆಂಬ್ಲಿ ಹಾಕಬೇಕು, ಆರ್ಡರ್ ಮಾಡಿ ತರಿಸಬೇಕು, ಬಿಚ್ಚಿ ಹಾಕುವ ಚಾರ್ಜು ಬೇರೆ ಅಂದರು. ವಾಪಸ್ ಬಂದು ಮನೆಯ ಅಂಗಳದಲ್ಲಿ ಬಿಚ್ಚಿ ನೋಡಿದರೆ, ಮುರಿದಿದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಗೂಟ. ಅಷ್ಟೇ. ಪಟ್ಟಿ ಚೆನ್ನಾಗಿತ್ತು, ಡಬ್ಬ ಚೆನ್ನಾಗಿತ್ತು. ಆಮೇಲೆ ಮನೆಯವರ, ನೆಂಟರ, ಪಕ್ಕದ ಮನೆಯವರ ಕಾರುಗಳದ್ದೂ ಮಾಡಿಕೊಟ್ಟೆ. ಬಹುತೇಕ ಎಲ್ಲದರಲ್ಲೂ ಮುರಿದಿದ್ದು ಅದೇ ಗೂಟ. ಹಾಗಾಗಿ ಇದನ್ನು ನೀವೇ ಮಾಡಿಕೊಳ್ಳಬಹುದು ಅಂತ ಧೈರ್ಯವಾಗಿ ಹೇಳುತ್ತೇನೆ. ಬೇಕಾಗಿರುವುದು ಒಂದು ಬಿಸಿಲಿನ ಮಧ್ಯಾಹ್ನ ಮತ್ತು ತಾಳ್ಮೆ.

ಒಳಗೆ ಏನಿರುತ್ತದೆ

ಇದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ವೆಂಟ್ ಅಂದರೆ ಒಂದು ಪ್ಲಾಸ್ಟಿಕ್ ಡಬ್ಬ. ಮುಂದೆ ಕಾಣುವುದು ಅಡ್ಡ ಪಟ್ಟಿಗಳು, ಗಾಳಿಯನ್ನು ಮೇಲೆ ಕೆಳಗೆ ತಿರುಗಿಸಲು. ಅದರ ಹಿಂದೆ ಇನ್ನೊಂದು ಸಾಲು ನಿಂತ ಪಟ್ಟಿಗಳು, ಎಡ ಬಲ ತಿರುಗಿಸಲು. ಪ್ರತಿ ಪಟ್ಟಿಗೂ ಎರಡು ತುದಿಯಲ್ಲಿ ಎರಡು ಸಣ್ಣ ಗೂಟ. ಈ ಗೂಟಗಳು ಡಬ್ಬದ ಗೋಡೆಯ ತೂತಿನಲ್ಲಿ ಕೂತು ತಿರುಗುತ್ತವೆ, ಹಳೆ ಮನೆಯ ಬಾಗಿಲು ತಿರುಗುಣಿಯಲ್ಲಿ ತಿರುಗುವ ಹಾಗೆ. ಒಂದು ಸಾಲಿನ ಪಟ್ಟಿಗಳೆಲ್ಲ ಒಟ್ಟಿಗೆ ಆಡಬೇಕಲ್ಲ, ಅದಕ್ಕೆ ಬದಿಯಲ್ಲಿ ಒಂದು ತೆಳ್ಳಗಿನ ಜೋಡಿಸುವ ಕಡ್ಡಿ ಇರುತ್ತದೆ. ನಡುವಿನ ಪಟ್ಟಿಯ ಮೇಲೆ ನಾವು ಬೆರಳಲ್ಲಿ ಹಿಡಿಯುವ ಚಿಕ್ಕ ಹಿಡಿ. ಆ ಹಿಡಿಯ ಹಿಂಬದಿಯಲ್ಲಿ ಕವೆಗೋಲಿನ ಹಾಗೆ ಒಂದು ಕವಲು, ಅದು ಹಿಂದಿನ ನಿಂತ ಪಟ್ಟಿಯನ್ನು ಹಿಡಿದುಕೊಂಡಿರುತ್ತದೆ. ಎಲ್ಲಕ್ಕಿಂತ ಹಿಂದೆ ಗಾಳಿ ಮುಚ್ಚುವ ಬಾಗಿಲು, ಸುತ್ತ ಸ್ಪಂಜು ಅಂಟಿಸಿರುತ್ತಾರೆ, ಅದನ್ನು ಬದಿಯ ಚಕ್ರ ತಿರುಗಿಸಿ ತೆರೆಯುತ್ತೇವೆ. ಗುಂಡಗಿನ ವೆಂಟುಗಳಲ್ಲಿ ಜೋಡಣೆ ಸ್ವಲ್ಪ ಬೇರೆ, ಲೆಕ್ಕಾಚಾರ ಅದೇ.

ಗೂಟ ಯಾಕೆ ಮುರಿಯುತ್ತದೆ? ಮುಖ್ಯ ಕಾರಣ ಮೊಬೈಲ್ ಹೋಲ್ಡರ್. ವೆಂಟಿನ ಪಟ್ಟಿಗೆ ಕಚ್ಚಿಸುವ ಹೋಲ್ಡರಿಗೆ 200 ಗ್ರಾಂ ತೂಕದ ಫೋನ್ ಸಿಕ್ಕಿಸಿ, ಹೊಂಡ ಬಿದ್ದ ಮಳೆಗಾಲದ ರಸ್ತೆಯಲ್ಲಿ ಹೊಸನಗರಕ್ಕೋ ಸೊರಬಕ್ಕೋ ಹೋಗಿ ಬಂದರೆ ಪ್ರತಿ ಹೊಂಡಕ್ಕೂ ಆ ತೂಕ ಪೂರ್ತಿ ಎರಡು ಪುಟ್ಟ ಗೂಟದ ಮೇಲೆ ಬೀಳುತ್ತದೆ. ಎರಡನೆಯದು ಬಿಸಿಲು. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯಲ್ಲಿ ನೆರಳಿಲ್ಲದೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿವರೆಗೂ ಕಾಯಬಹುದು, ವರ್ಷಗಟ್ಟಲೆ ಹೀಗೆ ಕಾದು ಕಾದು ಪ್ಲಾಸ್ಟಿಕ್ ಗರಿಗರಿಯಾಗುತ್ತದೆ. ಮೂರನೆಯದು ಜನರಿಗೆ ಗೊತ್ತಾಗುವುದೇ ಇಲ್ಲ: ವೆಂಟಿಗೆ ಸಿಕ್ಕಿಸುವ ಸೆಂಟಿನ ಬಾಟಲಿ. ಅದರ ಎಣ್ಣೆ ಸೋರಿ ಪಟ್ಟಿಗೆ ತಾಗಿದರೆ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತದೆ.

ಬಿಚ್ಚುವ ಮೊದಲು ಏನಾಗಿದೆ ಅಂತ ನೋಡಿ

ಕೈಯಲ್ಲಿ ಟಾರ್ಚ್ ಹಿಡಿದು ಎರಡು ನಿಮಿಷ ಸುಮ್ನೆ ನೋಡಿ. ಒಂದೇ ಪಟ್ಟಿ ಒಂದು ಬದಿಗೆ ಇಳಿದಿದ್ದರೆ ಆ ಬದಿಯ ಗೂಟ ಹೋಗಿದೆ. ಒಂದು ಪಟ್ಟಿ ನೇರವಾಗಿಯೇ ಇದೆ, ಆದರೆ ಉಳಿದವು ತಿರುಗಿದಾಗ ಅದು ತಿರುಗುತ್ತಿಲ್ಲ ಅಂದರೆ ಜೋಡಿಸುವ ಕಡ್ಡಿಯಿಂದ ಕಳಚಿಕೊಂಡಿದೆ. ಹಿಡಿ ಆಡಿಸಿದರೂ ಹಿಂದಿನ ಸಾಲು ಆಡದಿದ್ದರೆ ಕವಲು ಮುರಿದಿದೆ. ಎಲ್ಲ ಪಟ್ಟಿಯೂ ಒಟ್ಟಿಗೆ ತಲೆ ತಗ್ಗಿಸಿಬಿಟ್ಟರೆ ಏನೂ ಮುರಿದಿಲ್ಲ, ಬಿಗಿ ಹೋಗಿದೆ. ಚಕ್ರ ಸುಮ್ನೆ ತಿರುಗುತ್ತಿದ್ದರೆ ಹಿಂದಿನ ಬಾಗಿಲಿನ ಕೊಂಡಿ ಬಿಟ್ಟಿದೆ. ಗಾಳಿಯ ಜೊತೆ ಕಪ್ಪು ಪುಡಿ ಹಾರಿ ಬರುತ್ತಿದ್ದರೆ ಬಾಗಿಲಿನ ಸ್ಪಂಜು ಹಳೆಯದಾಗಿ ಉದುರುತ್ತಿದೆ.

ವೆಂಟ್ ಚೆನ್ನಾಗಿಯೇ ಇದ್ದು ಗಾಳಿಯೇ ಕಮ್ಮಿ ಅಂದರೆ ಅದು ಬೇರೆ ಕಥೆ. ಮೊದಲು ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಮರದ ಕೆಳಗೆ ಕಾರು ನಿಲ್ಲಿಸುವ ನಮ್ಮಂಥವರ ಫಿಲ್ಟರಿನಲ್ಲಿ ಎಲೆ ಚೂರು, ಹೂವಿನ ಧೂಳು, ಕೆಲವೊಮ್ಮೆ ಇಲಿ ಕಟ್ಟಿದ ಗೂಡೂ ಇರುತ್ತದೆ.

ಇನ್ನೊಂದು ಮಾತು, ಇದು ನನಗೆ ಪೆಟ್ಟು ಬಿದ್ದು ಕಲಿತದ್ದು. ವೆಂಟ್ ಬಿಚ್ಚದೆ ಹೊರಗಿನಿಂದಲೇ ಫೆವಿಕ್ವಿಕ್ ಬಿಡಬೇಡಿ. ಮೊದಲ ಸಲ ನಾನು ಅದನ್ನೇ ಮಾಡಿದ್ದೆ. ಅದು ನೀರಿನ ಹಾಗೆ ತೆಳುವಾಗಿ ಹರಿದು ಪಕ್ಕದ ಪಟ್ಟಿಯ ತೂತಿಗೂ ಹೋಯಿತು, ಒಂದು ಪಟ್ಟಿ ಸಡಿಲ ಇದ್ದದ್ದು ಮೂರು ಪಟ್ಟಿ ಅಂಟಿಕೊಂಡು ಕೂತವು. ಅದನ್ನು ಬಿಡಿಸಲು ಹಿಡಿದ ಸಮಯದಲ್ಲಿ ಎರಡು ವೆಂಟ್ ರಿಪೇರಿ ಮಾಡಬಹುದಿತ್ತು.

ಸಾಮಾನು

ಜಾಸ್ತಿ ಏನೂ ಬೇಡ. ಸಣ್ಣ ಸ್ಕ್ರೂಡ್ರೈವರ್ ಸೆಟ್ಟು, ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್ ಮತ್ತು 1, 1.5, 2 ಮಿಲಿಮೀಟರಿನ ಬಿಟ್‌ಗಳು, ಸಣ್ಣ ಇಕ್ಕಳ, ನುಣುಪು ಮರಳು ಕಾಗದ, ಬ್ಲೇಡ್. ಅಂಟಿಗೆ ಎರಡು ಟ್ಯೂಬಿನ ಅರಾಲ್ಡೈಟ್, ಒಂದು ಫೆವಿಕ್ವಿಕ್, ಅಡುಗೆ ಮನೆಯ ಸೋಡಾ ಪುಡಿ. ತಂತಿಗೆ ಜೆಮ್ ಕ್ಲಿಪ್ಪು, ಸೇಫ್ಟಿ ಪಿನ್ನು, ಹಳೆ ಸೈಕಲ್ಲಿನ ಒಂದು ಕಡ್ಡಿ. ಸೈಕಲ್ ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ, ಜೆಮ್ ಕ್ಲಿಪ್ಪು 1 ಮಿಲಿಮೀಟರ್ ಆಸುಪಾಸು. ಇವೆರಡರಲ್ಲಿ ಹೆಚ್ಚಿನ ಕೆಲಸ ಆಗುತ್ತದೆ.

ಡ್ಯಾಶ್‌ಬೋರ್ಡ್ ಮೀಟುವುದಕ್ಕೆ ಸ್ಕ್ರೂಡ್ರೈವರ್ ಬೇಡವೇ ಬೇಡ, ಅಂಚು ಕಚ್ಚಿ ಗಾಯವಾಗುತ್ತದೆ, ಆಮೇಲೆ ದಿನಾ ಅದನ್ನೇ ನೋಡಬೇಕು. ಪ್ಲಾಸ್ಟಿಕ್ ಮೀಟುಗೋಲಿನ ಸೆಟ್ಟು ಆನ್‌ಲೈನಿನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಬಿದಿರಿನ ಸೀಳನ್ನು ಚಪ್ಪಟೆಯಾಗಿ ಕೆತ್ತಿ ತುದಿಯನ್ನು ಮರಳು ಕಾಗದದಲ್ಲಿ ನುಣುಪು ಮಾಡಿಕೊಳ್ಳಿ. ನಾನು ಈಗಲೂ ಬಳಸುವುದು ಅದನ್ನೇ. ಪ್ಲಾಸ್ಟಿಕ್ಕಿಗೆ ಗೀರು ಬೀಳುವುದಿಲ್ಲ, ಬಗ್ಗುತ್ತದೆ, ಮುರಿದರೆ ಇನ್ನೊಂದು ಕೆತ್ತಿಕೊಂಡರಾಯಿತು.

ಹೊರಗೆ ತೆಗೆಯುವುದು

ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ. ಬೆಳಗಿನ ಚಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ತಣ್ಣಗಿದ್ದ ಪ್ಲಾಸ್ಟಿಕ್ ಕ್ಲಿಪ್ಪು ಬಗ್ಗುವುದಿಲ್ಲ, ಟಕ್ ಅಂತ ಮುರಿಯುತ್ತದೆ. ಮಳೆಗಾಲದಲ್ಲಿ ಬಿಸಿಲೇ ಇಲ್ಲವಾದರೆ ಹೇರ್ ಡ್ರೈಯರಿನಲ್ಲಿ ದೂರದಿಂದ ಬೆಚ್ಚಗೆ ಮಾಡಿ. ವೆಂಟಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ.

ತುದಿಯ ವೆಂಟುಗಳು ಸಾಮಾನ್ಯವಾಗಿ ಬರೀ ಕ್ಲಿಪ್ಪಿನ ಮೇಲೆ ನಿಂತಿರುತ್ತವೆ. ಬಹಳ ಕಾರುಗಳಲ್ಲಿ ಬಾಗಿಲು ತೆಗೆದರೆ ಡ್ಯಾಶ್‌ಬೋರ್ಡಿನ ತುದಿಗೆ ಒಂದು ಮುಚ್ಚಳ ಕಾಣುತ್ತದೆ. ಅದನ್ನು ಮೀಟಿ ತೆಗೆದರೆ ವೆಂಟಿನ ಬೆನ್ನಿಗೆ ಕೈ ಹೋಗುತ್ತದೆ, ಹಿಂದಿನಿಂದ ಮುಂದಕ್ಕೆ ದೂಡಿದರೆ ಸಲೀಸಾಗಿ ಬರುತ್ತದೆ. ಹಾಗಿಲ್ಲದಿದ್ದರೆ ಮೀಟುಗೋಲನ್ನು ಅಂಚಿನಲ್ಲಿ ತೂರಿಸಿ, ಒಂದೇ ಕಡೆ ಜೋರು ಮಾಡದೆ, ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬಿಸುತ್ತಾ ಬನ್ನಿ. ಪಟ್ಟಿ ಹಿಡಿದು ಎಳೆಯಬೇಡಿ. ಎಳೆಯಲೇಬೇಕಾದರೆ ಒಳಗಿನ ಡಬ್ಬದ ಗೋಡೆಗೆ ಕೊಕ್ಕೆ ಸಿಕ್ಕಿಸಿ ಎಳೆಯಿರಿ. ಅರ್ಧ ಬಂದು ನಿಂತರೆ ಎಲ್ಲೋ ಸ್ಕ್ರೂ ಇದೆ ಅಂತ ಅರ್ಥ, ಬಲ ಹಾಕುವುದನ್ನು ನಿಲ್ಲಿಸಿ ಹುಡುಕಿ.

ನಡುವಿನ ವೆಂಟುಗಳು ತಲೆನೋವು. ಅವು ಹೆಚ್ಚಾಗಿ ಆಡಿಯೋ ಸಿಸ್ಟಮ್ಮಿನ ಚೌಕಟ್ಟಿನ ಜೊತೆಯೇ ಬರುತ್ತವೆ, ಆ ಚೌಕಟ್ಟಿನಲ್ಲೇ ಹಜಾರ್ಡ್ ಲೈಟಿನ ಸ್ವಿಚ್ಚೂ ಇರುವುದುಂಟು. ಹಾಗಾಗಿ ಚೌಕಟ್ಟು ಬಿಟ್ಟ ಕೂಡಲೇ ಎಳೆಯದೆ, ಹಿಂದೆ ಕೈ ಹಾಕಿ ವೈರಿನ ಕನೆಕ್ಟರ್ ಲಾಕ್ ಒತ್ತಿ ಬಿಡಿಸಿ. ನಿಮ್ಮ ಕಾರಿನ ಮಾಡೆಲ್ಲು ಮತ್ತು ವರ್ಷ ಹಾಕಿ ಡ್ಯಾಶ್‌ಬೋರ್ಡ್ ಬಿಚ್ಚುವ ಒಂದು ವಿಡಿಯೋ ಮೊದಲೇ ನೋಡಿಕೊಳ್ಳಿ. ಸ್ಕ್ರೂ ಎಲ್ಲಿ ಅಡಗಿದೆ ಅಂತ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ, ಗೊತ್ತಿಲ್ಲದಿದ್ದರೆ ಕ್ಲಿಪ್ಪೆಲ್ಲ ಮುರಿಯುತ್ತದೆ.

ಪಕ್ಕದ ಸೀಟಿನ ಎದುರು ಕೆಲಸ ಮಾಡುವಾಗ ದಯವಿಟ್ಟು ಹುಷಾರು. ಅಲ್ಲಿ ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗ್ ಇರುತ್ತದೆ. ವೆಂಟ್ ಮಾತ್ರ ಕ್ಲಿಪ್ಪಿನಿಂದ ಬರುವುದಾದರೆ ತೊಂದರೆಯಿಲ್ಲ. ದೊಡ್ಡ ಪ್ಯಾನೆಲ್ ಬಿಚ್ಚಬೇಕಾದರೆ ಕಾರು ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಹತ್ತು ನಿಮಿಷ ಬಿಟ್ಟು ಶುರು ಮಾಡಿ. ಹಳದಿ ಬಣ್ಣದ ವೈರು ಅಥವಾ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಮುಟ್ಟಬೇಡಿ. ಏರ್‌ಬ್ಯಾಗ್ ಬಿಚ್ಚದೆ ವೆಂಟ್ ಹೊರಗೆ ಬರುವುದಿಲ್ಲ ಅನ್ನಿಸಿದರೆ ಅದೊಂದನ್ನು ಮೆಕ್ಯಾನಿಕ್ ಹತ್ತಿರ ತೆಗೆಸಿ. ಡಬ್ಬದ ರಿಪೇರಿ ನೀವೇ ಮಾಡಿಕೊಳ್ಳಬಹುದು.

ಮುರಿದ ಚೂರು ಗಾಳಿಯ ಕೊಳವೆಯೊಳಗೆ ಬಿದ್ದಿದ್ದರೆ ಗಾಬರಿ ಬೇಡ. ಗಾಳಿ ಫ್ಯಾನಿನಿಂದ ವೆಂಟಿನ ಕಡೆಗೆ ಬರುತ್ತದೆಯೇ ಹೊರತು ವಾಪಸ್ ಹೋಗುವುದಿಲ್ಲ, ಹಾಗಾಗಿ ಚೂರು ಸಾಮಾನ್ಯವಾಗಿ ಕೊಳವೆಯ ಮೊದಲ ತಿರುವಿನಲ್ಲೇ ಬಿದ್ದಿರುತ್ತದೆ. ತಂತಿಯ ತುದಿಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿ ಇಳಿಸಿ, ಅಂಟಿಕೊಂಡು ಬರುತ್ತದೆ. ಯಾವ ಪ್ಲಾಸ್ಟಿಕ್ ಅಂತ ನೋಡಲು ಆ ಚೂರು ಬೇಕು, ಎಸೆಯಬೇಡಿ.

ಡಬ್ಬ ಬಿಡಿಸುವುದು

ಬಿಡಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಜೋಡಿಸುವ ಕಡ್ಡಿ ಯಾವ ಬದಿಗಿದೆ, ಹಿಡಿಯ ಕವಲು ಯಾವ ಪಟ್ಟಿಯನ್ನು ಹಿಡಿದಿದೆ, ಎರಡೂ ಫೋಟೋದಲ್ಲಿ ಕಾಣಲಿ. ಪಟ್ಟಿಗಳಿಗೆ ಮೇಲಿನಿಂದ ಒಂದು, ಎರಡು, ಮೂರು ಅಂತ ಟೇಪಿನ ಮೇಲೆ ಬರೆದು ಅಂಟಿಸಿ, ನೋಡಲು ಒಂದೇ ಥರ ಇದ್ದರೂ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಗುಂಡಗಿನ ವೆಂಟಿನಲ್ಲಂತೂ ಇದ್ದೇ ಇರುತ್ತದೆ.

ಡಬ್ಬ ಎರಡು ಭಾಗವಾಗಿ ಸಣ್ಣ ಲಾಕುಗಳಿಂದ ಜೋಡಿಸಿಕೊಂಡಿರುತ್ತದೆ. ಒಂದು ಲಾಕು ಎತ್ತಿ, ಅದು ವಾಪಸ್ ಕೂರದ ಹಾಗೆ ಸಂದಿಗೆ ಬೆಂಕಿಕಡ್ಡಿ ತೂರಿಸಿ, ಮುಂದಿನದಕ್ಕೆ ಹೋಗಿ. ಈ ಕೆಲಸವನ್ನು ಮೊರದಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಮಾಡಿ. ಒಳಗೆ ಬಿಗಿಗಾಗಿ ಇಟ್ಟ ರಬ್ಬರಿನ ಚೂರು, ಪುಟ್ಟ ಸ್ಪ್ರಿಂಗು ಇರಬಹುದು, ಅಂಗಳದ ಹುಲ್ಲಿಗೆ ಹಾರಿದರೆ ಮತ್ತೆ ಸಿಗುವುದಿಲ್ಲ.

ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪಿನ ಉಗುರು ಬೆಚ್ಚಗಿನ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಸ್ಪಂಜು ಇರುವ ಭಾಗ ಬಿಟ್ಟುಬಿಡಿ. ನಮ್ಮ ಕಡೆಯ ಕಾರುಗಳಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ವೆಂಟಿನ ಒಳಮೈಗೆ ಬೂಷ್ಟು ಹಿಡಿದಿರುತ್ತದೆ, ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆಯಲ್ಲಿ ಅದರ ಪಾಲೂ ಇದೆ. ಪೆಟ್ರೋಲು, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಯಾವುದನ್ನೂ ಬಳಸಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಪೂರ್ತಿ ಒಣಗಲು ಬಿಡಿ. ಡ್ಯಾಶ್‌ಬೋರ್ಡ್ ಪಾಲಿಶ್ ಹಾಕುವ ಅಭ್ಯಾಸ ಇದ್ದರೆ ಅಂಟು ಹಾಕುವ ಜಾಗವನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್ಟಿನಿಂದ ಇನ್ನೊಮ್ಮೆ ಒರೆಸಿ, ಯಾಕೆಂದರೆ ಪಾಲಿಶ್ಶಿನ ಸಿಲಿಕೋನ್ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಯಾವ ಪ್ಲಾಸ್ಟಿಕ್, ಯಾವ ಅಂಟು

ರಿಪೇರಿ ಮಾಡಿದ್ದು ವಾರದಲ್ಲೇ ಬಿಟ್ಟುಹೋಯಿತು ಅನ್ನುವವರು ಬಹುಪಾಲು ಇಲ್ಲೇ ಎಡವಿರುತ್ತಾರೆ. ಡಬ್ಬದ ಒಳಮೈಯಲ್ಲಿ ಸಣ್ಣ ಅಕ್ಷರದಲ್ಲಿ ಎಬಿಎಸ್ (ABS), ಪಿಪಿ (PP), ಪಿಓಎಂ (POM) ಅಂತ ಪ್ಲಾಸ್ಟಿಕ್ಕಿನ ಜಾತಿ ಅಚ್ಚು ಹಾಕಿರುತ್ತಾರೆ. ಎಬಿಎಸ್ ಆದರೆ ಒಳ್ಳೆಯದಾಯಿತು, ಎಲ್ಲ ಅಂಟೂ ಹಿಡಿಯುತ್ತದೆ. ಪಿಪಿ ಮತ್ತು ಪಿಓಎಂ ಮೇಣದ ಹಾಗೆ ಜಾರುವ ಪ್ಲಾಸ್ಟಿಕ್‌ಗಳು, ಫೆವಿಕ್ವಿಕ್ ಹಾಕಿದರೆ ಗಟ್ಟಿಯಾದಂತೆ ಕಂಡು ಸಿಪ್ಪೆಯ ಹಾಗೆ ಏಳುತ್ತದೆ. ಜೋಡಿಸುವ ಕಡ್ಡಿ, ಚಕ್ರದ ಹಲ್ಲು ಇವೆಲ್ಲ ಹೆಚ್ಚಾಗಿ ಪಿಓಎಂ. ಅವು ಮುರಿದರೆ ಅಂಟಿಸುವ ಆಸೆ ಬಿಡಿ, ಹೊಸದು ಮಾಡಿಕೊಳ್ಳುವುದೇ ದಾರಿ.

ಅಚ್ಚು ಕಾಣದಿದ್ದರೆ ಮುರಿದ ಚೂರನ್ನು ಒಂದು ಲೋಟ ನೀರಿಗೆ ಹಾಕಿ, ಬೆರಳಿನಿಂದ ಒತ್ತಿ ಗಾಳಿಗುಳ್ಳೆ ಬಿಡಿಸಿ. ತೇಲಿದರೆ ಪಿಪಿ. ಮುಳುಗಿದರೆ ಎಬಿಎಸ್ ಅಥವಾ ಪಿಓಎಂ. ಖನಿಜದ ಪುಡಿ ಬೆರೆಸಿದ ಪಿಪಿ ಕೂಡ ಮುಳುಗಬಹುದು, ಹಾಗಾಗಿ ಮುಳುಗಿದ್ದನ್ನು ಉಗುರಿನಲ್ಲಿ ಕೆರೆದು ನೋಡಿ, ಮೇಣದಂತೆ ಜಾರುತ್ತಿದ್ದರೆ ಎಬಿಎಸ್ ಅಲ್ಲ.

ಫೆವಿಕ್ವಿಕ್ ಬಗ್ಗೆ ಎರಡು ಮಾತು. ಅದು ಒಣಗಿ ಗಟ್ಟಿಯಾಗುವುದಲ್ಲ, ಗಾಳಿಯ ತೇವ ತಗೊಂಡು ಗಟ್ಟಿಯಾಗುವುದು. ಅದಕ್ಕೇ ಮಲೆನಾಡಿನ ಮಳೆಗಾಲದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತದೆ, ಚೂರು ಸರಿಯಾಗಿ ಕೂರಿಸಲು ಪುರುಸೊತ್ತು ಕೊಡುವುದಿಲ್ಲ. ಅದರ ಹೊಗೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಬೂದಿಯಂತೆ ಕೂರುವುದೂ ತೇವ ಇದ್ದಾಗಲೇ ಜಾಸ್ತಿ. ಸೂಜಿ ಮೊನೆಯಷ್ಟು ಮಾತ್ರ ಹಾಕಿ, ಗಾಳಿಯಾಡುವ ಕಡೆ ಇಡಿ. ಚೆಲ್ಲಿದ್ದನ್ನು ಹತ್ತಿಯಲ್ಲಿ ಒರೆಸಬೇಡಿ, ಹತ್ತಿಗೆ ತಾಗಿದರೆ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಗಟ್ಟಿಯಾದ ಮೇಲೆ ಅದು ಪೆಡಸು, ಕುಲುಕಾಟ ತಡೆಯುವುದಿಲ್ಲ. ಹಾಗಾಗಿ ತಿರುಗುವ ಗೂಟಕ್ಕೆ ಅರಾಲ್ಡೈಟ್, ಸುಮ್ನೆ ಕೂತಿರುವ ಭಾಗಕ್ಕೆ ಫೆವಿಕ್ವಿಕ್. ನಾನು ಹೀಗೆ ಹಂಚಿಕೊಂಡಿದ್ದೇನೆ.

ಹೊಸ ಗೂಟ ಹಾಕುವುದು

ಮುರಿದ ಗೂಟವನ್ನೇ ಮತ್ತೆ ಅಂಟಿಸುವುದು ವ್ಯರ್ಥ. ಅಂಟುವ ಜಾಗ ಸಾಸಿವೆ ಕಾಳಿನಷ್ಟು, ಬೀಳುವ ಭಾರ ಪೂರ್ತಿ ಪಟ್ಟಿಯದ್ದು. ಅದರ ಬದಲು ಸ್ಟೀಲಿನ ಗೂಟ ಹಾಕಿ, ಮೊದಲಿಗಿಂತ ಗಟ್ಟಿಯಾಗುತ್ತದೆ.

ಡಬ್ಬದ ಗೋಡೆಯ ತೂತಿನ ಅಳತೆ ಮೊದಲು ಬೇಕು. ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಒಂದೊಂದಾಗಿ ತೂರಿಸಿ ನೋಡಿ, ಯಾವುದು ಅಲುಗದೆ ಕೂರುತ್ತದೋ ಅದೇ ಅಳತೆ. ಒಳಗೆ ಹಳೆ ಗೂಟದ ತುಂಡು ಸಿಕ್ಕಿಕೊಂಡಿದ್ದರೆ ಸೂಜಿಯಿಂದ ಹಿಂದಿನಿಂದ ನೂಕಿ. ತೂತು 2 ಮಿಲಿಮೀಟರ್ ಇದ್ದರೆ ಸೈಕಲ್ ಕಡ್ಡಿ ಸರಿಯಾಗುತ್ತದೆ. ತಂತಿಗಿಂತ ತೂತು ದೊಡ್ಡದಿದ್ದರೆ ಖಾಲಿಯಾದ ಬಾಲ್‌ಪೆನ್ ರೀಫಿಲ್ ಕೊಳವೆಯನ್ನೋ ಎಲೆಕ್ಟ್ರಿಕ್ ಅಂಗಡಿಯ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವನ್ನೋ ತಂತಿಗೆ ತೊಡಿಸಿ ದಪ್ಪ ಮಾಡಿ.

ಈಗ ಪಟ್ಟಿ. ತುದಿಯಲ್ಲಿ ಉಳಿದ ಗೂಟದ ಮೊಂಡನ್ನು ಬ್ಲೇಡಿನಿಂದ ಸಮ ಮಾಡಿ. ಗೂಟ ಇದ್ದ ನಡುಮಧ್ಯದಲ್ಲಿ ಸೂಜಿಯಿಂದ ಒಂದು ಚುಕ್ಕೆ ಒತ್ತಿ. ಈ ಚುಕ್ಕೆ ಅರ್ಧ ಮಿಲಿಮೀಟರ್ ಸರಿದರೂ ಪಟ್ಟಿ ಓರೆಯಾಗಿ ಕೂರುತ್ತದೆ, ಆದ್ದರಿಂದ ಇನ್ನೊಂದು ತುದಿಯ ಚೆನ್ನಾಗಿರುವ ಗೂಟ ನೋಡಿ ಅಂಚಿನಿಂದ ಎಷ್ಟು ದೂರ ಅಂತ ಅಳೆದುಕೊಳ್ಳಿ. ಪಟ್ಟಿಯನ್ನು ಬಟ್ಟೆ ಸುತ್ತಿ ಎರಡು ಮರದ ತುಂಡಿನ ನಡುವೆ ನಿಲ್ಲಿಸಿ, ಕೈ ಡ್ರಿಲ್ಲಿನಿಂದ ನಿಧಾನಕ್ಕೆ 5 ಅಥವಾ 6 ಮಿಲಿಮೀಟರ್ ಆಳ ಕೊರೆಯಿರಿ. ಪಟ್ಟಿಯ ತುದಿ ತೆಳ್ಳಗಿದ್ದರೆ 1 ಮಿಲಿಮೀಟರಿನ ಬಿಟ್ ಸಾಕು. ಕರೆಂಟಿನ ಡ್ರಿಲ್ ಬೇಡ, ಅದರ ಬಿಸಿಗೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಕಾಯಿಸಿದ ಸೂಜಿ ಚುಚ್ಚುವವರೂ ಇದ್ದಾರೆ, ಬೇಗ ಆಗುತ್ತದೆ ನಿಜ, ಆದರೆ ನೇರವಾಗಿ ಹೋಗುವುದು ಅಪರೂಪ.

ತಂತಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿ. ಒಳಗೆ ಹೋಗುವ 5 ಮಿಲಿಮೀಟರ್, ಹೊರಗೆ ಹಳೆ ಗೂಟ ಎಷ್ಟಿತ್ತೋ ಅಷ್ಟು. ಒಳಗೆ ಹೋಗುವ ಭಾಗವನ್ನು ಮರಳು ಕಾಗದದಲ್ಲಿ ತರಿ ಮಾಡಿ, ಇಲ್ಲದಿದ್ದರೆ ಅಂಟಿಗೆ ಹಿಡಿತ ಸಿಗುವುದಿಲ್ಲ. ಹೊರಗಿನ ಭಾಗ ನುಣುಪಾಗಿರಲಿ, ಕತ್ತರಿಸಿದ ತುದಿಯ ಮುಳ್ಳು ಉಜ್ಜಿ ತೆಗೆಯಿರಿ. ಅರಾಲ್ಡೈಟಿನ ಎರಡೂ ಟ್ಯೂಬಿನಿಂದ ಸಮ ಸಮ ತೆಗೆದು ಎರಡು ನಿಮಿಷ ಚೆನ್ನಾಗಿ ಕಲಸಿ, ಸೂಜಿಯಿಂದ ತೂತಿನ ಒಳಗೆ ತುಂಬಿ, ತಂತಿಯನ್ನು ತಿರುಗಿಸುತ್ತಾ ಇಳಿಸಿ. ಹೊರಗೆ ಉಕ್ಕಿದ್ದನ್ನು ಕೂಡಲೇ ಒರೆಸಿ. ಆಮೇಲೆ ಪಟ್ಟಿಯನ್ನು ಡಬ್ಬದಲ್ಲಿ ಒಂದು ಸಲ ಕೂರಿಸಿ ನೇರ ಇದೆಯಾ ನೋಡಿ, ಅಂಟು ಡಬ್ಬಕ್ಕೆ ತಾಗದಂತೆ ಹೊರಗೆ ತೆಗೆದು, ಗೂಟ ಮೇಲೆ ಮಾಡಿ ನಿಲ್ಲಿಸಿಡಿ.

ಮಾಮೂಲಿ ಅರಾಲ್ಡೈಟಿಗೆ ಒಂದು ದಿನ ಪೂರ್ತಿ ಬೇಕು. ಮಳೆಗಾಲದ ಚಳಿಯಲ್ಲಿ ಇನ್ನೂ ಜಾಸ್ತಿ, ಎರಡು ದಿನ ಬಿಡಿ. ಬಚ್ಚಲೊಲೆ ಇರುವ ಮನೆಯಾದರೆ ಆ ಕೋಣೆಯ ಅಟ್ಟದ ಮೇಲೆ, ಉರಿಯಿಂದ ದೂರ, ಬೆಚ್ಚಗಿರುವ ಜಾಗದಲ್ಲಿಟ್ಟರೆ ಬೇಗ ಗಟ್ಟಿಯಾಗುತ್ತದೆ. ಅವಸರಕ್ಕೆ ಐದು ನಿಮಿಷದ ಅರಾಲ್ಡೈಟ್ ಸಿಗುತ್ತದೆ, ಆದರೆ ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡಿಗೆ ನಾನು ಮಾಮೂಲಿಯದನ್ನೇ ನಂಬುತ್ತೇನೆ.

ಪಿಪಿ ಪಟ್ಟಿಯಾದರೆ ಅರಾಲ್ಡೈಟ್ ಕೂಡ ಪೂರ್ತಿ ಹಿಡಿಯುವುದಿಲ್ಲ. ಆಗ ತೂತನ್ನು ತಂತಿಗಿಂತ ಸ್ವಲ್ಪ ಸಣ್ಣದಾಗಿ ಕೊರೆದು, ತಂತಿಗೆ ಇಕ್ಕಳದಿಂದ ಎರಡು ಮೂರು ಕಚ್ಚು ಮಾಡಿ, ಅದರ ಹಿಂಬದಿಯನ್ನು ಬೆಸುಗೆ ಕಡ್ಡಿಯಿಂದ (ಸೋಲ್ಡರಿಂಗ್ ಐರನ್) ಸ್ವಲ್ಪ ಕಾಯಿಸಿ ಒತ್ತಿ. ಕರಗಿದ ಪ್ಲಾಸ್ಟಿಕ್ ಕಚ್ಚಿನೊಳಗೆ ಹೋಗಿ ಹಿಡಿದುಕೊಳ್ಳುತ್ತದೆ. ಕಿಟಕಿ ತೆಗೆದಿರಲಿ, ಹೊಗೆ ಒಳ್ಳೆಯದಲ್ಲ.

ಬೇರೆ ಮುರಿತಗಳು

ಪಟ್ಟಿಯೇ ನಡುವೆ ಎರಡಾಗಿದ್ದರೆ ಎರಡು ತುಂಡು ಸೇರಿಸಿ ಫೆವಿಕ್ವಿಕ್ ಹಾಕಿ, ಹಿಂಬದಿಗೆ ಹಳೆ ಎಟಿಎಂ ಕಾರ್ಡಿನಿಂದ ಕತ್ತರಿಸಿದ ತೆಳು ಪಟ್ಟಿ ಬೆನ್ನೆಲುಬಾಗಿ ಅಂಟಿಸಿ. ಕಾರ್ಡಿನ ಪಿವಿಸಿಗೆ ಫೆವಿಕ್ವಿಕ್ ಚೆನ್ನಾಗಿ ಹಿಡಿಯುತ್ತದೆ. ಕಪ್ಪು ಮಾರ್ಕರ್ ಬಳಿದರೆ ಕಾಣುವುದಿಲ್ಲ.

ಜೋಡಿಸುವ ಕಡ್ಡಿ ಹೊಸದು ಮಾಡಲು ಅದೇ ಕಾರ್ಡು ಸಾಕು. ಪಟ್ಟಿಗಳನ್ನೆಲ್ಲ ಡಬ್ಬದಲ್ಲಿ ಕೂರಿಸಿ ನೇರ ನಿಲ್ಲಿಸಿ, ಅವುಗಳ ಬದಿಯಲ್ಲಿ ಕಡ್ಡಿ ಸಿಕ್ಕಿಸುವ ಪುಟ್ಟ ಮೊಳೆಗಳ ಮೇಲೆ ಕಾಗದ ಇಟ್ಟು ಬೆರಳಿನಿಂದ ಒತ್ತಿದರೆ ಮೊಳೆಗಳ ಗುರುತು ಬೀಳುತ್ತದೆ. ಆ ಕಾಗದವನ್ನೇ ಕಾರ್ಡಿಗೆ ಅಂಟಿಸಿ ಗುರುತಿನ ಮೇಲೆ ತೂತು ಕೊರೆಯಿರಿ. ತೂತುಗಳ ನಡುವಿನ ದೂರ ಸರಿಯಾಗಿ ಬರಬೇಕು, ಒಂದು ತಪ್ಪಿದರೂ ಆ ಪಟ್ಟಿ ಉಳಿದವುಗಳಿಂದ ಬೇರೆ ಕೋನದಲ್ಲಿ ನಿಲ್ಲುತ್ತದೆ.

ಹಿಡಿಯ ಕವಲು ಹೋಗಿದ್ದರೆ ಜೆಮ್ ಕ್ಲಿಪ್ಪನ್ನು ಬಾಚಿ ಹಲ್ಲಿನಂತೆ ಎರಡು ಕವಲಾಗಿ ಬಗ್ಗಿಸಿ ಹಿಡಿಯ ಹಿಂದೆ ಕೊರೆದು ಅರಾಲ್ಡೈಟಿನಲ್ಲಿ ಕೂರಿಸಿ. ಹಿಡಿಯ ಮೂಲೆ ಚೂರಾಗಿದ್ದರೆ ಸೋಡಾ ಪುಡಿ ಸ್ವಲ್ಪ ಸುರಿದು ಮೇಲೆ ಒಂದು ಹನಿ ಫೆವಿಕ್ವಿಕ್ ಬಿಡಿ, ಕ್ಷಣದಲ್ಲಿ ಕಲ್ಲಿನ ಹಾಗೆ ಆಗುತ್ತದೆ, ಮುಖ ದೂರ ಇಟ್ಟುಕೊಳ್ಳಿ. ಪದರ ಪದರವಾಗಿ ಕಟ್ಟಿ ಉಜ್ಜಿದರೆ ಆಕಾರ ಬರುತ್ತದೆ.

ಪಟ್ಟಿಗಳು ನಿಲ್ಲದೆ ತಲೆ ತಗ್ಗಿಸುತ್ತಿದ್ದರೆ ಒಂದೆರಡು ಗೂಟಕ್ಕೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ತೆಳು ಬಿಲ್ಲೆ ತೊಡಿಸಿ. ಎಲ್ಲದಕ್ಕೂ ಹಾಕಬೇಡಿ, ಬಿಗಿ ಜಾಸ್ತಿಯಾದರೆ ಹಿಡಿ ಮುರಿಯುತ್ತದೆ. ಮುಚ್ಚುವ ಬಾಗಿಲಿನ ಸ್ಪಂಜು ಉದುರಿದ್ದರೆ ಪೂರ್ತಿ ಕೆರೆದು, 2 ಅಥವಾ 3 ಮಿಲಿಮೀಟರ್ ದಪ್ಪದ ಅಂಟುವ ಫೋಮ್ ಟೇಪ್ ಹಾಕಿ.

ಪಟ್ಟಿ ಕಳೆದೇ ಹೋಗಿದ್ದರೆ ಗುಜರಿ ದಾರಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ಹಳೆ ಸ್ಪೇರ್ ಇಟ್ಟವರನ್ನು ವಿಚಾರಿಸಿ, ಮುರಿದ ವೆಂಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಎಡ ಮತ್ತು ಬಲದ ವೆಂಟ್ ಬೇರೆ ಬೇರೆ ಇರುತ್ತವೆ, ಹೆಸರು ಹೇಳಿ ತಂದರೆ ತಪ್ಪುತ್ತದೆ. ತ್ರೀಡಿ ಪ್ರಿಂಟ್ ಮಾಡಿಸುವುದಾದರೆ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಬೇಡ ಅಂತ ಮೊದಲೇ ಹೇಳಿ. ಅದು 60 ಡಿಗ್ರಿಗೇ ಮೆತ್ತಗಾಗುತ್ತದೆ, ಒಂದು ಬೇಸಿಗೆ ಮಧ್ಯಾಹ್ನಕ್ಕೆ ಪಟ್ಟಿ ಹಪ್ಪಳದಂತೆ ಬಾಗುತ್ತದೆ. ಎಬಿಎಸ್ ಅಥವಾ ಎಎಸ್‌ಎ ಪ್ಲಾಸ್ಟಿಕ್ ಕೇಳಿ.

ವಾಪಸ್ ಕೂರಿಸುವುದು

ಡಬ್ಬ ಜೋಡಿಸಿ ಕಾರಿಗೆ ಹಾಕುವ ಮೊದಲು ಕೈಯಲ್ಲೇ ಹಿಡಿದು ಐವತ್ತು ಸಲ ಮೇಲೆ ಕೆಳಗೆ, ಎಡ ಬಲ ಆಡಿಸಿ. ಎಲ್ಲಾದರೂ ಕಚ್ಚಿದರೆ ಈಗಲೇ ಸರಿ ಮಾಡಿ. ಗೂಟಗಳಿಗೆ ಸಿಲಿಕೋನ್ ಗ್ರೀಸ್ ಒಂದು ಚುಕ್ಕೆ ಸಾಕು, ಅಡುಗೆ ಎಣ್ಣೆ, ಎಂಜಿನ್ ಆಯಿಲ್ ಹಾಕಿದರೆ ಧೂಳು ಹಿಡಿದು ತಿಂಗಳಲ್ಲಿ ಅಂಟಾಗುತ್ತದೆ. ಕನೆಕ್ಟರ್ ಮೊದಲು ಸಿಕ್ಕಿಸಿ, ಹಜಾರ್ಡ್ ಲೈಟ್ ಉರಿಯುತ್ತದಾ ನೋಡಿ, ಆಮೇಲೆ ಕ್ಲಿಪ್ಪು ಒತ್ತಿ. ಕ್ಲಿಪ್ಪಿನ ಹಲ್ಲು ಮುರಿದು ಸಡಿಲ ಕೂತಿದ್ದರೆ ಅಂಟು ಹಾಕಬೇಡಿ, ಮುಂದೊಂದು ದಿನ ಬಿಚ್ಚಬೇಕಾಗುತ್ತದೆ. ಅಂಚಿಗೆ ಬಟ್ಟೆಯ ಟೇಪ್ ಒಂದು ಸುತ್ತು ಹಾಕಿ ಒತ್ತಿದರೆ ಬಿಗಿಯಾಗಿ ನಿಲ್ಲುತ್ತದೆ, ಗಡಗಡ ಸದ್ದೂ ಬರುವುದಿಲ್ಲ.

ಫ್ಯಾನನ್ನು ಪೂರ್ತಿ ಜೋರಿಗೆ ಹಾಕಿ ಕಿವಿಗೊಡಿ. ಸೀಟಿ ಹೊಡೆದಂಥ ಸದ್ದು ಬಂದರೆ ಅಂಟಿನ ಉಬ್ಬು ಎಲ್ಲೋ ಉಳಿದಿದೆ, ಅಥವಾ ಡಬ್ಬ ಕೊಳವೆಗೆ ಸರಿಯಾಗಿ ಕೂತಿಲ್ಲ. ಎರಡನೆಯದಾದರೆ ಗಾಳಿ ಡ್ಯಾಶ್‌ಬೋರ್ಡಿನ ಒಳಗೇ ಸೋರುತ್ತದೆ, ತೆಗೆದು ಮತ್ತೆ ಕೂರಿಸಿ.

ಕೊನೆಯ ಪರೀಕ್ಷೆ ಮಳೆಯಲ್ಲೇ ಆಗಬೇಕು. ಎಸಿ ಆನ್ ಮಾಡಿ, ಟೆಂಪರೇಚರ್ ಬಿಸಿ ಕಡೆಗೆ ಸ್ವಲ್ಪ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಇಡಿ. ಎಸಿ ಗಾಳಿಯ ತೇವ ಹೀರುತ್ತದೆ, ಬಿಸಿ ಗಾಜನ್ನು ಬೆಚ್ಚಗೆ ಮಾಡುತ್ತದೆ. ತುದಿಯ ವೆಂಟನ್ನು ಬದಿಯ ಗಾಜಿನ ಕಡೆ, ಕನ್ನಡಿ ಕಾಣುವ ಮೂಲೆಗೆ ತಿರುಗಿಸಿ. ಆ ಮೂಲೆಯಿಂದಲೇ ಆವಿ ಕರಗುತ್ತಾ ಬರಬೇಕು. ಬಂದರೆ ನಿಮ್ಮ ಗೂಟ ಸರಿಯಾಗಿ ಕೂತಿದೆ. ಫೋನ್ ಹೋಲ್ಡರನ್ನು ಇನ್ನು ಮೇಲೆ ಗಾಜಿಗೋ ಡ್ಯಾಶ್‌ಬೋರ್ಡಿನ ಮೇಲಕ್ಕೋ ಅಂಟಿಸಿ.